ಮೂರರಲ್ಲಿ ಎರಡು

ಚಾರ್ಮಾಡಿ ಘಾಟಿ ಹತ್ತಿ ಬಂದರೆ ಕೊಟ್ಟಿಗೆಹಾರ. ಅಲ್ಲಿಗೆ ಸಮೀಪದ ತೋಟದ ಮನೆಯಲ್ಲಿ, 2020ರ ನವೆಂಬರಿನಲ್ಲಿ, ಮಿತ್ರರೊಬ್ಬರು ನನ್ನ ಮುಂದೆ ಮೂರು ಆಯುಧಗಳನ್ನು ಇಟ್ಟರು: ಅಜ್ಜನ ಕೇಪಿನ ಕೋವಿ, ತಂದೆಯ ವೆಬ್ಲಿ ರಿವಾಲ್ವರ್, ತಮ್ಮದೇ ಜೋಡುನಳಿಗೆಯ ತೋಟೆ ಕೋವಿ. 1959ರ ಆಯುಧ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿ, ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತಷ್ಟೆ. ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷದ ಗಡುವು.

“ಯಾವುದನ್ನು ಬಿಡಲಿ, ನೀವೇ ಹೇಳಿ” ಎಂದರು.

ನನ್ನ ಮನಸ್ಸು ರಿವಾಲ್ವರಿಗೇ ಒಲಿಯಿತು. ಬರ್ಮಿಂಗ್‌ಹ್ಯಾಮಿನ ಮಾಲು, ಚಿಲಕ ಒತ್ತಿ ನಡುವಿಗೆ ಮಡಿಸಿದರೆ ಸುಟ್ಟ ತೋಟೆಗಳೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಇದರ ದಾಯಾದಿಯಾದ .455 ಬೋರಿನ ಆರನೆಯ ಮಾರ್ಕು 1915ರಿಂದ ಬ್ರಿಟಿಷ್ ಸೇನಾಧಿಕಾರಿಗಳ ಸೊಂಟದಲ್ಲಿತ್ತು. ಇವರದು .32, ಕೈಗೆ ಹಗುರ. ಕಾಫಿ ಗಿಡಗಳ ನಡುವೆ ಬಗ್ಗಿ ನಡೆಯುವವನಿಗೆ ಉದ್ದ ನಳಿಗೆ ತೊಡಕಲ್ಲವೇ?

ಮಿತ್ರರು ನಕ್ಕರು. “ತಂದೆ ಇದನ್ನು ಕೊಂಡದ್ದು ಬಟವಾಡೆಯ ದಿನಕ್ಕೆ. ಹಣದ ಚೀಲದೊಡನೆ ಜೀಪಿನಲ್ಲಿ ಒಬ್ಬರೇ ಬರಬೇಕಿತ್ತು. ಈಗ ಆ ಹಣ ಬ್ಯಾಂಕಿಗೇ ಹೋಗುತ್ತದೆ. ಹಂದಿ ಬೆದರಿಸಲು ಬೇಕಾದ್ದು ಸದ್ದು, ಅದಕ್ಕೆ ತೋಟೆ ಕೋವಿ ಇದೆ. ಅಜ್ಜನದಕ್ಕೆ ಆಯುಧಪೂಜೆಯಲ್ಲಿ ಹೂ ಇಡುತ್ತೇವೆ.”

ಕೊಡಗಿನ ನೆನಪಾಯಿತು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯ ವಿನಾಯಿತಿ ಉಂಟು, 2029ರವರೆಗೆ.  ನಾನು ಮತ್ತೆ ವಾದಿಸಲಿಲ್ಲ.

ಡಿಸೆಂಬರಿನಲ್ಲಿ ವೆಬ್ಲಿಗೆ ಎಣ್ಣೆ ಹಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ, ಮೂಡಿಗೆರೆಗೆ ಒಯ್ದು ಒಪ್ಪಿಸಿ ರಸೀದಿ ತಂದರು. ಅದರ ಚರ್ಮದ ಚೀಲ ಮಾತ್ರ ಗೋಡೆಯ ಗೂಟದಲ್ಲಿ ಈಗಲೂ ತೂಗುತ್ತಿದೆ.