ಗೆರೆ ಎಲ್ಲಿ ತುಂಡಾಗಿದೆ ನೋಡಿ: ಮಳೆ ಲೆಕ್ಕ ಕಂಪ್ಯೂಟರ್ ಪರದೆಗೆ ಬಂದ ಕಥೆ

ನಿಮ್ಮ ಗ್ರಾಮ ಪಂಚಾಯ್ತಿ ಆಫೀಸಿನ ತಾರಸಿ ಮೇಲೋ ಅಕ್ಕಪಕ್ಕದಲ್ಲೋ ಒಂದು ಬಾಯ್ತೆರೆದ ಡಬ್ಬ, ಅದರ ಜೊತೆಗೊಂದು ಸಣ್ಣ ಸೋಲಾರ್ ಪ್ಲೇಟು ಇರುತ್ತದೆ. ನೋಡಿರಬಹುದು, ಗಮನಿಸಿರಲಿಕ್ಕಿಲ್ಲ. ಅದು ಮಳೆ ಮಾಪಕ. ಒಳಗೆ ಏತದಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿ ಮಗುಚಿದರೆ ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ಮಗುಚಿತು ಎಂಬ ಎಣಿಕೆಯೇ ಮಳೆಯ ಲೆಕ್ಕ. 15 ನಿಮಿಷಕ್ಕೊಮ್ಮೆ ಆ ಲೆಕ್ಕ ಮೊಬೈಲ್ ನೆಟ್‌ವರ್ಕ್ ಮೂಲಕ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಶುರುವಾದ ಒಂದು ಸಣ್ಣ ಘಟಕವೇ 2007ರಲ್ಲಿ ಈ ಹೆಸರು ಪಡೆದದ್ದು.

ಹೀಗೆ ಬರುವ ಅಂಕಿಗಳು ಕಂಪ್ಯೂಟರ್ ಪರದೆಯ ಮೇಲೆ ತಾವಾಗಿಯೇ ಬೆಳೆಯುವ ಗೆರೆ ಆಗಲು ಸುಮಾರು ಇನ್ನೂರು ವರ್ಷ ಹಿಡಿಯಿತು. ಆ ಗೆರೆಯನ್ನು ಓದಲು ನಾವೂ ಕಲಿಯಬೇಕು, ಯಾಕೆಂದರೆ ಅದರಲ್ಲಿ ನಮ್ಮ ದುಡ್ಡಿದೆ.

ಮೊದಲು ಹಳೆಯ ಕಾಲ. 1890ರ ದಶಕದಲ್ಲಿ ಬೆಂಗಳೂರು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಎಂಬವರು ಮೈಸೂರು ಸರ್ಕಾರಕ್ಕೆ ಮಳೆ ದಾಖಲೆಯ ವಾರ್ಷಿಕ ವರದಿ ಸಿದ್ಧಪಡಿಸುತ್ತಿದ್ದರು. ಆಗ ‘ಕಡೂರು’ ಎಂದರೆ ಇಡೀ ಜಿಲ್ಲೆ. ಕಚೇರಿಗಳು 1865ರಲ್ಲೇ ಚಿಕ್ಕಮಗಳೂರಿಗೆ ಹೋದರೂ ಜಿಲ್ಲೆಯ ಹೆಸರು ಕಡೂರು ಎಂದೇ ಉಳಿದಿತ್ತು. ಹಾಗಾಗಿ ಹಳೇ ಪುಸ್ತಕದಲ್ಲಿ ‘ಕಡೂರಿನಲ್ಲಿ ಒಳ್ಳೇ ಮಳೆ’ ಎಂದು ಕಂಡರೆ ಬೀರೂರು, ಸಖರಾಯಪಟ್ಟಣದವರು ಹಿಗ್ಗಬೇಕಾಗಿಲ್ಲ. ಅದು ಘಟ್ಟದ ಮೇಲಿನ ಮಳೆಯೂ ಆಗಿರಬಹುದು. ವರದಿ ಅಚ್ಚಾಗಿ ಬರುವಷ್ಟರಲ್ಲಿ ಆ ವರ್ಷದ ರಾಗಿ ಕಣಕ್ಕೆ ಬಂದಿರುತ್ತಿತ್ತು, ಇಲ್ಲವೇ ಒಣಗಿ ಹೋಗಿರುತ್ತಿತ್ತು.

ಅಂಕಿಗಳನ್ನು ಗೆರೆಯಾಗಿ ಬರೆಯುವುದು ಅದಕ್ಕೂ ಹಳೆಯದು. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1786ರಲ್ಲಿ ದೇಶದ ವ್ಯಾಪಾರವನ್ನು ಗೆರೆಗಳಲ್ಲಿ ತೋರಿಸಿ ಪುಸ್ತಕ ತಂದ. ಆದರೆ ಅದು ಕೂತ ಗೆರೆ. ಓಡುವ ಗೆರೆ ವೈದ್ಯರ ಕೋಣೆಯಲ್ಲೂ ಮೂಡಿತು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್, ತಿರುಗುವ ಉರುಳೆಗೆ ಕಾಗದ ಸುತ್ತಿ, ರಕ್ತದ ಒತ್ತಡ ಏರಿಳಿದಂತೆ ಮುಳ್ಳು ತಾನೇ ಗೀಚುವಂತೆ ಮಾಡಿದ.

ಅಂಥದೇ ಉಪಾಯ ಮಳೆಗೂ ಇತ್ತು. ಹವಾಮಾನ ಕೇಂದ್ರಗಳಲ್ಲಿ ತಾನೇ ಬರೆಯುವ ಮಾಪಕವಿತ್ತು. ಗಡಿಯಾರದ ಕೀಲಿಯಿಂದ ತಿರುಗುವ ಉರುಳೆ, ಅದಕ್ಕೆ ಸುತ್ತಿದ ಚೌಕಳಿ ಕಾಗದ, ಶಾಯಿ ತುಂಬಿದ ಪೆನ್ನು. ಮಳೆನೀರು ತುಂಬಿದಂತೆ ಒಳಗಿನ ತೇಲುಬುರುಡೆ ಏರುತ್ತದೆ, ಜೊತೆಗೆ ಪೆನ್ನೂ ಏರುತ್ತದೆ. 10 ಮಿಲಿಮೀಟರ್ ಆದೊಡನೆ ನೀರು ತಾನಾಗಿ ಹೊರಹೋಗಿ ಪೆನ್ನು ಸರಕ್ಕನೆ ಕೆಳಗಿಳಿಯುತ್ತದೆ. ಬೆಳಗ್ಗೆ ಬಂದು ಕಾಗದ ಬದಲಿಸಿದರಾಯಿತು. ಮಳೆ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಜೋರಾಗಿ ಹೊಡೆಯಿತು, ಎಲ್ಲಾ ಅದರಲ್ಲಿರುತ್ತಿತ್ತು.

ಆ ಕಾಗದಕ್ಕೆ ಇನ್ನೊಂದು ಗುಣವಿತ್ತು, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಮಳೆ ಬಾರದಿದ್ದರೆ ಪೆನ್ನು ನೇರ ಅಡ್ಡಗೆರೆ ಎಳೆಯುತ್ತಿತ್ತು. ಶಾಯಿ ಒಣಗಿದ್ದರೆ ಗೆರೆಯೇ ಇರುತ್ತಿರಲಿಲ್ಲ. ‘ಮಳೆ ಇಲ್ಲ’ ಎನ್ನುವುದು ಬೇರೆ, ‘ನನಗೆ ಗೊತ್ತಿಲ್ಲ’ ಎನ್ನುವುದು ಬೇರೆ. ಕಾಗದ ಎರಡನ್ನೂ ಬೇರೆಬೇರೆಯಾಗಿ ಹೇಳುತ್ತಿತ್ತು.

ಕಂಪ್ಯೂಟರಿಗೆ ಬರೋಣ. ಡೈರಿಯಲ್ಲಿ ಹಾಲು ಸುರಿದರೆ ಲೀಟರು, ಫ್ಯಾಟು ಅಂಕಿಗಳಾಗಿ ಎದುರಿಗೆ ಮೂಡುತ್ತವಲ್ಲ, ಅಂಕಿ ತೋರಿಸುವುದು ಅಷ್ಟೇ ಸುಲಭ. ಗೆರೆ ಎಳೆಯುವುದು ಹಾಗಲ್ಲ. 1986ರಲ್ಲಿ ಅಮೆರಿಕದಲ್ಲಿ ಲ್ಯಾಬ್‌ವ್ಯೂ ಎಂಬ ಸಾಫ್ಟ್‌ವೇರ್ ಬಂತು. ಪ್ರಯೋಗಶಾಲೆಯ ಯಂತ್ರ ಕೊಡುವ ಅಂಕಿ ಪರದೆಯ ಮೇಲೆ ಓಡುವ ಗೆರೆಯಾಯಿತು, ಪಕ್ಕದಲ್ಲೇ ಗುಂಡಿಗಳು, ಸ್ವಿಚ್ಚುಗಳು. ಅದಕ್ಕೆ ದುಡ್ಡು ಕೊಡಬೇಕು.

ದುಡ್ಡಿಲ್ಲದವರಿಗೆ ದಾರಿ ಮಾಡಿದ್ದು ಜಾನ್ ಹಂಟರ್. ಅವರು ಮೂರ್ಛೆ ರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ. ಅವರ ತಂಡದಲ್ಲಿ ಬೇಕಾದ ಸಾಫ್ಟ್‌ವೇರಿಗೆ ಲೈಸೆನ್ಸ್ ಇದ್ದದ್ದು ಒಂದೇ. ಒಬ್ಬರು ಕೂತರೆ ಉಳಿದವರು ಕಾಯಬೇಕು. ಹಂಟರ್ ಪೈಥಾನ್ ಭಾಷೆಯಲ್ಲಿ ತಾವೇ ಒಂದನ್ನು ಬರೆದರು. 2003ರಲ್ಲಿ ಹೊರಬಂದ ಅದರ ಹೆಸರು ಮ್ಯಾಟ್‌ಪ್ಲಾಟ್‌ಲಿಬ್. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. 2012ರಲ್ಲಿ, 44ನೇ ವಯಸ್ಸಿಗೇ ಅವರು ತೀರಿಕೊಂಡರು. ತರೀಕೆರೆಯ ಹುಡುಗಿಯೊಬ್ಬಳು ಇವತ್ತು ಹಳೇ ಕಂಪ್ಯೂಟರಿನಲ್ಲಿ ಮಳೆಯ ಗ್ರಾಫ್ ಎಳೆಯುವುದಕ್ಕೂ ಅದು ಸಾಕು.

ಇದು ನಡೆಯುವುದು ಹೀಗೆ. ವಿಂಡೋದಲ್ಲಿ ಬಟನ್‌ಗಳ ನಡುವೆ ಒಂದು ಖಾಲಿ ಜಾಗ ಬಿಡುತ್ತಾರೆ, ಗೋಡೆಯಲ್ಲಿ ಗೂಡು ಬಿಟ್ಟಂತೆ. ಗ್ರಾಫ್ ಅಲ್ಲಿ ಕೂರುತ್ತದೆ. ಪ್ರೋಗ್ರಾಂ ಒಳಗೆ ಅಲಾರಂ ಥರದ್ದೊಂದು ಆಗಾಗ ಎಚ್ಚರಿಸುತ್ತದೆ. ಎಚ್ಚರಿಸಿದಾಗಲೆಲ್ಲ ಹೊಸ ಅಂಕಿ ತೆಗೆದುಕೋ, ತೀರಾ ಹಳೆಯದನ್ನು ಬಿಡು, ಗೆರೆಯನ್ನಷ್ಟೇ ಮತ್ತೆ ಎಳೆ. ಪ್ರತಿ ಸಲ ಇಡೀ ಚಿತ್ರವನ್ನೇ ಅಳಿಸಿ ಬರೆದರೆ ಪರದೆ ಮಿಣುಕುತ್ತದೆ, ಬಟನ್ ಒತ್ತಿದರೂ ಓಗೊಡುವುದಿಲ್ಲ.

ಇಲ್ಲಿ ಎರಡು ಮೋಸಗಳಿವೆ. ಒಂದು ಸಣ್ಣದು: ಗ್ರಾಫ್ ತನ್ನ ಅಳತೆಪಟ್ಟಿಯನ್ನು ಬಂದ ಅಂಕಿಗೆ ತಕ್ಕಂತೆ ತಾನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ಲಕ್ಕವಳ್ಳಿಯ ಜಡಿಮಳೆಯೂ ಕಡೂರಿನ ತುಂತುರೂ ಅಕ್ಕಪಕ್ಕದ ವಿಂಡೋಗಳಲ್ಲಿ ಒಂದೇ ಎತ್ತರದ ಗುಡ್ಡದಂತೆ ಕಾಣಬಹುದು. ಬದಿಯ ಅಂಕಿ ನೋಡದೆ ಗೆರೆ ನೋಡಬೇಡಿ.

ಇನ್ನೊಂದು ದೊಡ್ಡದು. ಮಾಪಕ ಮೂರು ಗಂಟೆ ಸುಮ್ಮನಾಯಿತು ಅನ್ನಿ. ಬ್ಯಾಟರಿ ಇಳಿದಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು, ಎಲೆ ಬಿದ್ದು ಬಾಯಿ ಕಟ್ಟಿರಬಹುದು. ಆ ಜಾಗ ಖಾಲಿ ಎಂದು ಸರಿಯಾಗಿ ಬರೆದಿಟ್ಟರೆ ಮ್ಯಾಟ್‌ಪ್ಲಾಟ್‌ಲಿಬ್ ಗೆರೆಯನ್ನು ಅಲ್ಲಿ ತುಂಡು ಮಾಡುತ್ತದೆ, ಒಣಗಿದ ಪೆನ್ನಿನಂತೆ. ಬರೆದಿಡದೆ ಬಿಟ್ಟರೆ ಈಚೆ ಚುಕ್ಕಿಗೂ ಆಚೆ ಚುಕ್ಕಿಗೂ ನೇರ ಗೆರೆ ಎಳೆದು ಏನೂ ಆಗಿಲ್ಲವೆಂಬಂತೆ ತೋರಿಸುತ್ತದೆ. ಸೊನ್ನೆ ತುಂಬಿದರಂತೂ ಮಳೆಯೇ ಬಂದಿಲ್ಲ ಎಂದಾಗುತ್ತದೆ. ಎಲೆ ಕಟ್ಟಿದ ಮಾಪಕದ ಕಥೆ ಇನ್ನೂ ಕಷ್ಟ: ಅದು ತಾನೇ ಸೊನ್ನೆ ಕಳಿಸುತ್ತಿರುತ್ತದೆ. ಪಕ್ಕದ ಪಂಚಾಯ್ತಿಯ ಗೆರೆ ಜೊತೆಗಿಟ್ಟು ನೋಡಿದರಷ್ಟೇ ಅನುಮಾನ ಬರುವುದು.

ಇದರಲ್ಲಿ ದುಡ್ಡಿದೆ ಎಂದೆನಲ್ಲ. 2016ರಿಂದ ಜಾರಿಯಲ್ಲಿರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಬಂದು ಅಡಿಕೆ ಗೊನೆ ನೋಡಿ ಪರಿಹಾರ ತೀರ್ಮಾನ ಮಾಡುವುದಿಲ್ಲ. ಮಾಪಕ ಏನು ಹೇಳಿತೋ ಅದೇ ತೀರ್ಪು. ಕೊಳೆ ರೋಗ ತರುವ ವಾರಗಟ್ಟಲೆ ಮಳೆಯಲ್ಲೇ ಮೋಡ ಕವಿದು ಸೋಲಾರ್ ಪ್ಲೇಟಿಗೆ ಬಿಸಿಲು ಸಿಗದ ಕಾಲವೂ ಬರುತ್ತದೆ. ಕಟ್ಟಿದ ವಿಮೆ ಕಂತಿನ ಫಲ ಆ ಡಬ್ಬದ ಮೇಲೆ ನಿಂತಿರುತ್ತದೆ.

ದಿನದ ಮೊತ್ತ ಎಂಬ ಒಂದೇ ಅಂಕಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. 15 ನಿಮಿಷಕ್ಕೊಂದರಂತೆ ದಿನಕ್ಕೆ 96 ಅಂಕಿ ಬರಬೇಕು. ಮುಂದಿನ ಸಲ ನಿಮ್ಮ ಪಂಚಾಯ್ತಿ ಮಳೆಯ ಬಗ್ಗೆ ತಕರಾರು ಎದ್ದರೆ, ‘ನಿನ್ನೆ ಎಷ್ಟು ಮಿಲಿಮೀಟರ್’ ಎಂದು ಕೇಳುವ ಮೊದಲು, ‘ಆ 96ರಲ್ಲಿ ಎಷ್ಟು ಬಂದಿವೆ’ ಎಂದು ಕೇಳಿ.