ಕತ್ತಿ ಹಿಡಿಯುವ ಮುನ್ನ ಮೂರು ಪ್ರಶ್ನೆ

ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುವುದಿಲ್ಲವೆಂದು ಶಾಲೆಯಲ್ಲಿ ನೀವು ಓದಿದ್ದೀರಿ. ನಡುವೆ ಲೋಮನಾಳಗಳಿವೆ, ರಕ್ತದ ರಭಸ ಅಲ್ಲಿ ತಗ್ಗುತ್ತದೆ. ಕೆಲವರ ಮಿದುಳಿನ ಒಂದು ಭಾಗದಲ್ಲಿ ಈ ಏರ್ಪಾಡೇ ಇರುವುದಿಲ್ಲ. ನಾಳಗಳು ಸಿಕ್ಕುಬಿದ್ದ ನೂಲಿನುಂಡೆಯಂತೆ ಹೆಣೆದುಕೊಂಡಿರುತ್ತವೆ. ವೈದ್ಯರು ಇದಕ್ಕೆ ಎ.ವಿ.ಎಂ. ಎನ್ನುತ್ತಾರೆ. ಅದು ಒಡೆದರೆ ಮಿದುಳಿನೊಳಗೇ ರಕ್ತಸ್ರಾವ.

ಕತ್ತರಿಸಿ ತೆಗೆಯಬಾರದೇ? 1928ರಲ್ಲಿ ಅಮೆರಿಕದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೇಲಿ ತಮ್ಮ ಗ್ರಂಥದಲ್ಲಿ ಈ ಬಗ್ಗೆ ನಿರಾಶೆಯನ್ನೇ ವ್ಯಕ್ತಪಡಿಸಿದ್ದರು. ಅದಕ್ಕೆ ಒಂದು ವರ್ಷ ಮೊದಲು ಲಿಸ್ಬನ್ನಿನ ಎಗಾಸ್ ಮೋನಿಜ್ ಮಿದುಳಿನ ನಾಳಗಳನ್ನು ಎಕ್ಸ್-ರೇಯಲ್ಲಿ ಕಾಣಿಸಿದ್ದರು. ಮುಂದೆ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವೂ ಬಂತು. ಕೈ ಪಳಗಿದ ಮೇಲೆ ಪ್ರಶ್ನೆ ಬದಲಾಯಿತು: ಯಾವುದನ್ನು ತೆಗೆಯಬೇಕು, ಯಾವುದನ್ನು ಮುಟ್ಟಬಾರದು?

1977ರಲ್ಲಿ ಲ್ಯೂಸೆನ್‌ಹಾಪ್ ಮತ್ತು ಗೆನ್ನರೆಲ್ಲಿ ಗಂಟಿಗೆ ರಕ್ತ ತರುವ ಅಪಧಮನಿಗಳನ್ನು ಎಣಿಸಿ ದರ್ಜೆ ಕಟ್ಟಿದರು. ಆದರೆ ನೆಲೆನಿಂತದ್ದು 1986ರ ಕ್ರಮ. ಅಮೆರಿಕದ ಫೀನಿಕ್ಸ್ ನಗರದ ರಾಬರ್ಟ್ ಸ್ಪೆಟ್ಜ್ಲರ್ ಮತ್ತು ನೀಲ್ ಮಾರ್ಟಿನ್ ಕೇಳಿದ್ದು ಮೂರೇ ಪ್ರಶ್ನೆ. ಗಂಟು ಎಷ್ಟು ದೊಡ್ಡದು? 3 ಸೆಂಟಿಮೀಟರಿಗಿಂತ ಚಿಕ್ಕದಾದರೆ 1 ಅಂಕ, 6ರವರೆಗೆ 2, ಅದಕ್ಕೂ ಮೀರಿದರೆ 3. ಮಾತು, ಚಲನೆ, ದೃಷ್ಟಿಯಂಥ ಕೆಲಸದ ಜಾಗಕ್ಕೆ ತಾಗಿಕೊಂಡಿದೆಯೇ? ಹೌದಾದರೆ ಇನ್ನೊಂದು ಅಂಕ. ರಕ್ತ ಆಳದ ಅಭಿಧಮನಿಗಳಿಗೆ ಹರಿಯುತ್ತದೆಯೇ? ಮತ್ತೊಂದು. ಕೂಡಿದರೆ ಒಂದರಿಂದ ಐದರವರೆಗೆ ದರ್ಜೆ. ಶಸ್ತ್ರಕ್ರಿಯೆಗೆ ಒಗ್ಗದವನ್ನು ಆರನೆಯದೆಂದು ಬದಿಗಿಟ್ಟರು.

ಬೆರಳೆಣಿಕೆಯ ಲೆಕ್ಕವೆಂದು ನಗಬೇಡಿ. ಅವರು ಶಸ್ತ್ರಕ್ರಿಯೆ ಮಾಡಿದ್ದ 100 ರೋಗಿಗಳಿಗೆ ಇದನ್ನು ಹೊಂದಿಸಿ ನೋಡಿದಾಗ, ಮೊದಲ ದರ್ಜೆಯಲ್ಲಿ ಒಬ್ಬರಿಗೂ ಹೊಸ ಊನವಾಗಿರಲಿಲ್ಲ. ಐದನೆಯದರಲ್ಲಿ ಶೇಕಡ 31 ಮಂದಿಗೆ ಚಿಕ್ಕದೋ ದೊಡ್ಡದೋ ಊನವಾಗಿತ್ತು. ರೋಗಿಯ ಮನೆಯವರ ಮುಂದೆ ಇಡಬಲ್ಲ ಅಂಕಿ ಇದು.

ಮೂರನೆಯ ದರ್ಜೆ ಮಾತ್ರ ಕಲಸುಮೇಲೋಗರ. ಸೂಕ್ಷ್ಮ ಜಾಗದಲ್ಲಿ ಆಳಕ್ಕೆ ರಕ್ತ ಹರಿಸುವ ಪುಟ್ಟ ಗಂಟಿಗೂ 3, ಅಪಾಯವಿಲ್ಲದ ಜಾಗದ ಭಾರೀ ಗಂಟಿಗೂ 3! 2010ರಲ್ಲಿ ಮೈಕೆಲ್ ಲಾಟನ್ ಮತ್ತು ಸಂಗಡಿಗರು ವಯಸ್ಸು, ಹಿಂದೆ ರಕ್ತಸ್ರಾವ ಆಗಿತ್ತೇ, ಗಂಟು ಒತ್ತಾಗಿದೆಯೇ ಎಂಬುದನ್ನೂ ಸೇರಿಸಿದರು. 2011ರಲ್ಲಿ ಸ್ಪೆಟ್ಜ್ಲರ್ ತಾವೇ, ಪೋನ್ಸ್ ಜೊತೆಗೂಡಿ, ಐದು ದರ್ಜೆಗಳನ್ನು ಮೂರು ವರ್ಗಗಳಿಗೆ ಇಳಿಸಿದರು.

ಇನ್ನೂ ಒಡೆಯದ ಗಂಟಿನ ಗತಿ? 2014ರಲ್ಲಿ ಪ್ರಕಟವಾದ 'ಅರೂಬಾ' ಅಧ್ಯಯನದಲ್ಲಿ, ಬರಿಯ ಔಷಧೋಪಚಾರದಲ್ಲಿದ್ದವರ ಪೈಕಿ ಸುಮಾರು ಶೇಕಡ 10 ಮಂದಿಗೆ ಪಾರ್ಶ್ವವಾಯು ಅಥವಾ ಮರಣ. ಗಂಟನ್ನು ನಿವಾರಿಸಲು ಹೊರಟವರಲ್ಲಿ ಸುಮಾರು 31. ಅದರಲ್ಲಿ ಶಸ್ತ್ರಕ್ರಿಯೆಗೆ ಒಳಗಾದವರೇ ಕಡಿಮೆ, ನೋಡಿದ ಅವಧಿಯೂ ಅಲ್ಪ ಎಂಬುದು ಶಸ್ತ್ರವೈದ್ಯರ ಆಕ್ಷೇಪ. ಆ ವಾದ ಇನ್ನೂ ಮುಗಿದಿಲ್ಲ.