ದಾರಿಯಲ್ಲಿ ಬಿದ್ದ ಬೆಕ್ಕಿನ ವಾರಸುದಾರರು

ಒಂದು ನಾಡಿನ ಇತಿಹಾಸವು ಅರಸರ ಕಾಳಗಗಳಲ್ಲಿಯೂ ಗುಡಿಗೋಪುರಗಳಲ್ಲಿಯೂ ಮಾತ್ರ ಇರುವದೆಂದು ಎಣಿಸುವದು ವಾಡಿಕೆಯಾಗಿದೆ. ಆದರೆ ಆ ನಾಡಿನ ಜನರು ತಮ್ಮ ನಡುವೆ ಸತ್ತ ಮೂಕಪ್ರಾಣಿಗಳ ವಿಷಯದಲ್ಲಿ ಹೇಗೆ ನಡೆದುಕೊಂಡರೆಂಬುದೂ ಇತಿಹಾಸದ ಒಂದು ಭಾಗವೇ ಸರಿ. ಇಂಡಿಯಿಂದ ಸಾಲೋಟಗಿಗೆ ಹೋಗುವ ದಾರಿಯ ಬದಿಯಲ್ಲಿ ಬೆಳಗಿನ ಹೊತ್ತು ಒಂದು ಬೆಕ್ಕು ಸತ್ತು ಬಿದ್ದಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಹೊಲಕ್ಕೆ ಹೋಗುವವರು ಮೂಗು ಮುಚ್ಚಿಕೊಂಡು ಸರಿದು ನಡೆಯುವರು. ಶಾಲೆಯ ಹುಡುಗರು ಕ್ಷಣಕಾಲ ನಿಂತು ನೋಡಿ ಓಡುವರು. ಮೋಟಾರುಗಳು ಅದರ ಮೇಲೆಯೇ ಹಾಯ್ದು ಹೋಗುವವು. ಆ ಕಳೇಬರವನ್ನು ಎತ್ತತಕ್ಕವರು ಯಾರು? ಪ್ರಶ್ನೆಯು ಚಿಕ್ಕದಾಗಿ ತೋರಿದರೂ ಅದರ ಉತ್ತರದಲ್ಲಿ ಸಾವಿರ ವರ್ಷಗಳ ನಡೆನುಡಿ ಅಡಗಿದೆ.

ಈ ವಿಚಾರವನ್ನು ಸಾಲೋಟಗಿಯಿಂದಲೇ ಆರಂಭಿಸುವದು ಉಚಿತ. ಪೂರ್ವದಲ್ಲಿ ಪಾವಿಟ್ಟಗೆಯೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಒಂದು ಶಾಲೆಯನ್ನು ಕಟ್ಟಿಸಿದನು. ಶಕ 867ರ, ಅಂದರೆ ಕ್ರಿ. ಶ. 945ರ ಕಂಬದ ಶಾಸನವು ಅದರ ವ್ಯವಸ್ಥೆಯನ್ನು ವಿವರವಾಗಿ ತಿಳಿಸುವದು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು, ದೀಪದ ಎಣ್ಣೆಗೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಗೊತ್ತಾಗಿದ್ದವು. ಇದಲ್ಲದೆ ಊರಿನವರು ತಮ್ಮ ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧ ಕೊಡತಕ್ಕದ್ದು. ಯಾವ ಕಾರಣದಿಂದಾದರೂ ಊಟ ಹಾಕಿಸಿದರೆ ಕೈಲಾದಷ್ಟು ವಿದ್ಯಾರ್ಥಿಗಳಿಗೂ ಉಣಬಡಿಸತಕ್ಕದ್ದು ಎಂಬ ಕಟ್ಟಳೆಯಿತ್ತು. ದೂರದಿಂದ ಬಂದ ಆ ಹುಡುಗರು ಊರಿನ ಯಾರ ಮಕ್ಕಳೂ ಅಲ್ಲ. ಒಬ್ಬನ ಹೊಣೆಯಲ್ಲದ ಕೆಲಸವನ್ನು ಎಲ್ಲರೂ ಸ್ವಲ್ಪ ಸ್ವಲ್ಪವಾಗಿ ಹಂಚಿಕೊಳ್ಳುವ ರೀತಿಯನ್ನು ಪಾವಿಟ್ಟಗೆಯವರು ಅಂದೇ ಅರಿತಿದ್ದರು. ಸತ್ತ ಬೆಕ್ಕಿನ ಪ್ರಶ್ನೆಯೂ ಇದೇ ಜಾತಿಯ ಪ್ರಶ್ನೆ: ಅದು ಯಾರ ಹೊಣೆಯೂ ಅಲ್ಲವಾದುದರಿಂದಲೇ ಎಲ್ಲರ ಹೊಣೆಯಾಗಬೇಕಾದದ್ದು.

ಇದೇ ಕೃಷ್ಣನ ಆಳಿಕೆಯಲ್ಲಿ, ಸಾಲೋಟಗಿಯ ಕಂಬವು ನಿಂತು ನಾಲ್ಕೈದು ವರ್ಷಗಳಾಗುವಷ್ಟರಲ್ಲಿ, ಕನ್ನಡನಾಡಿನ ದಕ್ಷಿಣ ಭಾಗದಲ್ಲಿ ಮತ್ತೊಂದು ಕಲ್ಲು ನಿಂತಿತು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಆ ಶಾಸನವು ಶಕ 872ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ತರುವಾಯ ಗಂಗ ಅರಸನಾದ ಬೂತುಗನು ತನ್ನ ವೀರ ಮಣಲೆರನನ್ನು ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರನು ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯು ಮಾಡಿದ ಪಾಪವು ತಟ್ಟುವದೆಂದೂ ಬರೆಯಿಸಿದನು. ಒಂದೇ ಶಿಲೆಯಲ್ಲಿ ಚಕ್ರವರ್ತಿಯ ವಿಜಯವೂ ನಾಯಿಯ ಮರಣವೂ ಕೂಡಿಕೊಂಡಿರುವದು ಅಪೂರ್ವವಾದ ಸಂಗತಿ.

ಆದರೆ ಕಾಳಿಗೆ ಕಲ್ಲು ಸಿಕ್ಕಿತೆಂದರೆ ಅದಕ್ಕೆ ಒಡೆಯನಿದ್ದನು, ಒಡೆಯನಿಗೆ ಸಂಪತ್ತಿತ್ತು, ನಾಯಿಯು ಬೇಟೆಯ ಉಪಯೋಗಕ್ಕೆ ಬರುತ್ತಿತ್ತು. ಉಪಯೋಗವುಳ್ಳ ಪ್ರಾಣಿಗಳಿಗೆ ನಮ್ಮವರು ಗ್ರಂಥಗಳನ್ನೂ ಬರೆದರು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಗೋವೈದ್ಯವನ್ನೂ, ಅಭಿನವಚಂದ್ರನು ಅಶ್ವವೈದ್ಯವನ್ನೂ ಕನ್ನಡದಲ್ಲಿ ರಚಿಸಿದರು. ಬೆಕ್ಕಿಗೆ ಇಂಥ ಭಾಗ್ಯವು ಒದಗಲಿಲ್ಲ. ಅದು ಕಣಜದ ಕಾಳನ್ನು ಇಲಿಗಳಿಂದ ಕಾಯ್ದರೂ ಯಾರ ಆಸ್ತಿಯ ಪಟ್ಟಿಯಲ್ಲಿಯೂ ಸೇರದೆ, ಒಂದು ಮನೆಯಲ್ಲಿ ಹಾಲು ಕುಡಿದು ಮತ್ತೊಂದು ಮನೆಯಲ್ಲಿ ಮಲಗುವ ಪ್ರಾಣಿಯಾಗಿಯೇ ಉಳಿಯಿತು.

ಧರ್ಮಶಾಸ್ತ್ರಗಳು ಬೆಕ್ಕನ್ನು ಪೂರಾ ಮರೆಯಲಿಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಬೆಕ್ಕು, ಮುಂಗುಲಿ, ಕಪ್ಪೆ, ನಾಯಿ, ಗೂಗೆ, ಕಾಗೆ ಮೊದಲಾದವುಗಳನ್ನು ಕೊಂದವನಿಗೆ ಶೂದ್ರನನ್ನು ಕೊಂದವನ ವ್ರತವನ್ನೇ ವಿಧಿಸಿತು. ಇದರಿಂದ ಬೆಕ್ಕಿನ ಗೌರವವು ಹೆಚ್ಚಿತೆನ್ನುವದಕ್ಕಿಂತ ಮನುಷ್ಯನ ಬೆಲೆಯು ಇಳಿಯಿತೆನ್ನುವದೇ ಸರಿ. ಬೆಕ್ಕನ್ನು ಕೊಂದವನು ಬಂಗಾರದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂಬ ನಂಬಿಗೆಯೂ ಜನರಲ್ಲಿ ಬಲವಾಗಿ ಬೇರೂರಿತು. ಐದು ಉಗುರುಗಳುಳ್ಳ ಪ್ರಾಣಿಯು ಬಿದ್ದು ಸತ್ತ ಬಾವಿಯ ನೀರನ್ನೆಲ್ಲ ಹೊರಗೆ ತೆಗೆದು ಶುದ್ಧಮಾಡಬೇಕೆಂದು ಸ್ಮೃತಿಗಳು ಹೇಳಿದುದು ಮಾತ್ರ ಇಂದಿಗೂ ಒಪ್ಪತಕ್ಕ ಮಾತು. ಒಟ್ಟಿನಲ್ಲಿ ಕೊಂದವನಿಗೆ ಪ್ರಾಯಶ್ಚಿತ್ತವುಂಟು, ಬಾವಿಗೆ ಶುದ್ಧಿಯುಂಟು. ದಾರಿಯಲ್ಲಿ ಕಂಡವನ ಕರ್ತವ್ಯದ ಮಾತು ಇವೆರಡರ ನಡುವೆ ಎಲ್ಲಿಯೂ ಬರುವದಿಲ್ಲ.

ಹಾಗಾದರೆ ಹಳ್ಳಿಗಳಲ್ಲಿ ಸತ್ತ ಪ್ರಾಣಿಗಳನ್ನು ಎತ್ತುತ್ತಿದ್ದವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡಲು ನಾಚಿಕೆಪಡಬೇಕಾಗುವದು. ಆ ಕೆಲಸವನ್ನು ಅಸ್ಪೃಶ್ಯರೆಂದು ದೂರವಿಟ್ಟ ಜನರ ತಲೆಗೆ ಕಟ್ಟಲಾಗಿತ್ತು. ಎತ್ತು ಆಕಳುಗಳು ಸತ್ತರೆ ಅವರು ಬಂದು ಸಾಗಿಸಬೇಕು. ಸಾಗಿಸಿದ ಕಾರಣದಿಂದಲೇ ಅವರನ್ನು ಹೊಲೆಯೆಂದು ಹೀಯಾಳಿಸಬೇಕು. ಹೊಲಸನ್ನು ಮಾಡಿದವರು ಮಡಿಯವರು, ತೆಗೆದವರು ಮೈಲಿಗೆಯವರು ಎಂಬ ಈ ವಿಪರೀತ ನ್ಯಾಯವನ್ನು ಹನ್ನೆರಡನೆಯ ಶತಮಾನದಲ್ಲಿ ಪ್ರಶ್ನಿಸಿದವರಲ್ಲಿ ಪ್ರಮುಖನು ಸಾಲೋಟಗಿಗೆ ನೆರೆಯ ಸೀಮೆಯಾದ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನೇ. ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನು ಕಲ್ಯಾಣದ ಶರಣರ ನಡುವೆ ಪೂಜ್ಯನಾಗಿದ್ದನು. ಆದರೂ ಊರಿನ ರೂಢಿಯು ಬದಲಾಗಲಿಲ್ಲ. ವಿಜಾಪುರ ಜಿಲ್ಲೆಯು 1956ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಇಂಥ ಊಳಿಗದ ವತನಗಳನ್ನು 1874ರ ಕಾನೂನು ಭದ್ರಪಡಿಸಿತ್ತು. 1927ರಲ್ಲಿ ಮಹಾಡದಲ್ಲಿ ಡಾಕ್ಟರ್ ಅಂಬೇಡಕರರು ಸತ್ತ ದನಗಳನ್ನು ಎಳೆಯುವ ಕೆಲಸವನ್ನು ಬಿಟ್ಟುಬಿಡಿರೆಂದು ತಮ್ಮ ಜನರಿಗೆ ಕರೆಕೊಟ್ಟರು. ಮರುವರ್ಷ ವತನದ ಕಾನೂನಿಗೆ ತಿದ್ದುಪಡಿಯನ್ನು ಮುಂಬಯಿಯ ಶಾಸನಸಭೆಯಲ್ಲಿ ಮಂಡಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರಗಳ ರದ್ದಿಯಾತಿಯ ಕಾನೂನು ವಂಶಪರಂಪರೆಯ ಊಳಿಗಗಳನ್ನು ಕೊನೆಗಾಣಿಸಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ದನ ಸತ್ತರೆ ತೊಗಲಿನ ಆಸೆಗಾದರೂ ಒಬ್ಬರು ಬರುತ್ತಿದ್ದರು. ಬೆಕ್ಕಿನ ಕಳೇಬರದಿಂದ ಯಾರಿಗೂ ಏನೂ ಬರುವಂತಿರಲಿಲ್ಲ; ಆದುದರಿಂದ ಅದು ಹದ್ದುಕಾಗೆಗಳ ಪಾಲಾಗುತ್ತಿತ್ತು, ಇಲ್ಲವೆ ತಿಪ್ಪೆಯನ್ನು ಸೇರುತ್ತಿತ್ತು.

ಈ ಉದಾಸೀನವು ಎಷ್ಟು ಅಪಾಯಕರವಾಗಬಲ್ಲದೆಂಬುದನ್ನು ಪ್ಲೇಗು ಕಲಿಸಿತು. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಆ ಬೇನೆಯು ಎರಡು ವರ್ಷಗಳೊಳಗೆ ಕರ್ನಾಟಕದ ಜಿಲ್ಲೆಗಳಿಗೆ ಹಬ್ಬಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಹಾಸಿಗೆ ಪಾತ್ರೆಗಳನ್ನು ಹೊತ್ತುಕೊಂಡು ಊರ ಹೊರಗಿನ ಗುಡಿಸಲುಗಳಿಗೆ ಹೋಗುತ್ತಿದ್ದರು. ಅದುವರೆಗೆ ಬಾಲ ಹಿಡಿದು ಬೀದಿಗೆ ಎಸೆಯುತ್ತಿದ್ದ ಸತ್ತ ಪ್ರಾಣಿಯು ಆಗ ಊರಿಗೆಲ್ಲ ಎಚ್ಚರಿಕೆಯ ಓಲೆಯಾಯಿತು. 1894ರಲ್ಲಿ ಹಾಂಗ್‌ಕಾಂಗದಲ್ಲಿ ಯೆರ್ಸಿನನು ಈ ರೋಗದ ಜಂತುವನ್ನು ಕಂಡುಹಿಡಿದಿದ್ದನು. 1898ರಲ್ಲಿ ಕರಾಚಿಯಲ್ಲಿ ಸಿಮೊಂದನು ಇಲಿಯ ಮೈಮೇಲಿನ ಚಿಗಟವೇ ಅದನ್ನು ಸಾಗಿಸುವದೆಂದು ತೋರಿಸಿದನು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಹತ್ತಿರದ ಬಿಸಿರಕ್ತದ ಜೀವಿಯನ್ನು ಹುಡುಕುವವು. 1908ರ ಸುಮಾರಿಗೆ ಬುಕಾನನ್ ಎಂಬ ವೈದ್ಯಾಧಿಕಾರಿಯು ಬೆಕ್ಕುಗಳು ಹೇರಳವಾಗಿರುವ ಊರುಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿದನು. ಬೆಕ್ಕು ಇಲಿಗಳ ವೈರಿಯೆಂಬುದು ನಿಜ. ಆದರೆ ರೋಗದ ಇಲಿಯನ್ನು ತಿಂದ ಬೆಕ್ಕಿಗೂ ಪ್ಲೇಗು ತಗಲುವದೆಂಬುದು ಈಗ ಸಿದ್ಧವಾಗಿದೆ. ಸತ್ತ ಬೆಕ್ಕನ್ನು ಕಂಡು ಹೆದರಿ ಓಡುವದೂ ಬೇಡ, ಬರಿಗೈಯಿಂದ ಎತ್ತುವದೂ ಬೇಡವೆಂಬುದೇ ಇದರ ತಾತ್ಪರ್ಯ.

ಬೆಕ್ಕನ್ನು ಲೆಕ್ಕಕ್ಕೆ ಹಿಡಿಯದಿರುವ ಗುಣವು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನ 1988ರ ರಸ್ತೆಸಂಚಾರದ ಕಾನೂನಿನಂತೆ ವಾಹನವು ಕುದುರೆ, ದನ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ಆಡು ಅಥವಾ ನಾಯಿಗೆ ತಾಗಿದರೆ ಚಾಲಕನು ನಿಲ್ಲಿಸಲೇಬೇಕು. ಬೆಕ್ಕಿನ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಆದರೆ 2024ರ ಜೂನ್ ತಿಂಗಳಿನಿಂದ ಅಲ್ಲಿ ಸಾಕಿದ ಬೆಕ್ಕಿನ ಚರ್ಮದ ಕೆಳಗೆ ಗುರುತಿನ ಚಿಪ್ಪನ್ನು ಇಡಿಸುವದು ಕಡ್ಡಾಯವಾಗಿದೆ. ಇದರಿಂದ ದಾರಿಯಲ್ಲಿ ಸತ್ತ ಬೆಕ್ಕಿನ ಮನೆಯನ್ನು ಹುಡುಕಿ ಸುದ್ದಿ ಮುಟ್ಟಿಸುವದಕ್ಕೆ ಹಾದಿಯಾಯಿತು.

ನಮ್ಮ ಊರುಗಳಲ್ಲಿ ಅಂಥ ಸಾಧನಗಳಿಲ್ಲದಿದ್ದರೂ ದಾರಿಹೋಕನ ಕರ್ತವ್ಯವು ಕಠಿಣವಾದುದಲ್ಲ. ಮೊದಲು ಹಿಂದೆ ಮುಂದೆ ಬರುವ ವಾಹನಗಳನ್ನು ನೋಡಿಕೊಂಡು, ಬೆಕ್ಕು ನಿಜವಾಗಿ ಸತ್ತಿದೆಯೋ ಉಸಿರಾಡುತ್ತಿದೆಯೋ ಪರೀಕ್ಷಿಸಬೇಕು. ಜೀವವಿದ್ದರೆ ದಪ್ಪ ಬಟ್ಟೆಯಲ್ಲಿ ಸುತ್ತಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ನೋವಿನಲ್ಲಿರುವ ಬೆಕ್ಕು ಕಚ್ಚುವದು ಸಹಜ. ಹುಚ್ಚುನಾಯಿಯ ರೋಗವು ಬೆಕ್ಕಿಗೂ ಬರುವದಾದುದರಿಂದ ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ಸತ್ತಿದ್ದರೆ ಬಣ್ಣ, ಮಚ್ಚೆ, ಕೊರಳಿನ ದಾರ ಮುಂತಾದ ಗುರುತುಗಳನ್ನು ನೋಡಿಟ್ಟುಕೊಂಡು ಹತ್ತಿರದ ಮನೆಗಳಲ್ಲಿ ವಿಚಾರಿಸಬೇಕು. ಯಾವುದೋ ಮನೆಯಲ್ಲಿ ಒಂದು ಮಗು ಹಾಲಿನ ಬಟ್ಟಲನ್ನಿಟ್ಟುಕೊಂಡು ಅದರ ದಾರಿಯನ್ನು ಕಾಯುತ್ತಿರಬಹುದು. ಬಾರದಿರುವ ಬೆಕ್ಕಿಗಾಗಿ ದಿನಗಟ್ಟಲೆ ಕಾಯುವದಕ್ಕಿಂತ ದುಃಖದ ಸುದ್ದಿಯೇ ಲೇಸು. ಹೆಣ್ಣು ಬೆಕ್ಕಾಗಿದ್ದು ಮೊಲೆಗಳಲ್ಲಿ ಹಾಲು ತುಂಬಿದ್ದರೆ ಬಣವೆಗಳ ಸಂದಿಯಲ್ಲಿಯೂ ಹಾಳುಗೋಡೆಗಳ ಬದಿಯಲ್ಲಿಯೂ ಮರಿಗಳನ್ನು ಹುಡುಕಬೇಕು.

ಬಳಿಕ ಕೈಗೆ ಚೀಲವನ್ನು ಸುತ್ತಿಕೊಂಡು ಅಥವಾ ಸಲಿಕೆಯಿಂದ ಕಳೇಬರವನ್ನು ದಾರಿಯಿಂದ ಸರಿಸಬೇಕು. ದಾರಿಯ ಮೇಲೆಯೇ ಬಿಟ್ಟರೆ ಅದನ್ನು ತಿನ್ನಬಂದ ನಾಯಿಗಳೂ ಕಾಗೆಗಳೂ ಗಾಲಿಗೆ ಸಿಕ್ಕುವವು. ಬಾವಿ, ಕೆರೆ, ಹಳ್ಳಗಳಿಂದ ದೂರದಲ್ಲಿ, ಭೂಮಿಯ ಒಡೆಯರಿಗೆ ತಿಳಿಸಿ, ಎರಡು ಮೂರು ಅಡಿ ಆಳದ ಕುಣಿಯಲ್ಲಿ ಹೂಳಿ, ನಾಯಿಗಳು ಕೆದರದಂತೆ ಮೇಲೆ ಕಲ್ಲನ್ನಾಗಲಿ ಜಾಲಿಯ ಮುಳ್ಳನ್ನಾಗಲಿ ಹೇರಬೇಕು. ಕೊನೆಗೆ ಕೈಗಳನ್ನು ಚೆನ್ನಾಗಿ ತೊಳೆಯಬೇಕು. ಹೂಳಲು ಸ್ಥಳವಿಲ್ಲದಿದ್ದರೆ ಹಳ್ಳಿಯಲ್ಲಿ ಗ್ರಾಮಪಂಚಾಯತಿಗೆ, ಪಟ್ಟಣದಲ್ಲಿ ಪುರಸಭೆಗೆ ತಿಳಿಸುವದು ಯೋಗ್ಯ. ಒಂದೇ ಕಡೆಯಲ್ಲಿ ಅನೇಕ ಬೆಕ್ಕುಗಳೋ ಇಲಿಗಳೋ ಗಾಯವಿಲ್ಲದೆ ಸತ್ತಿದ್ದರೆ ಮುಟ್ಟದೆ ಆರೋಗ್ಯಕೇಂದ್ರಕ್ಕೆ ಸುದ್ದಿ ಕೊಡಬೇಕು. ಇದರಲ್ಲಿ ಯಾವ ಕೆಲಸವನ್ನೂ ಒಂದು ಜಾತಿಯವರಿಗೆಂದು ಮೀಸಲಿಡತಕ್ಕದ್ದಲ್ಲ. ಪುರಸಭೆಯ ಪೌರಕಾರ್ಮಿಕನು ಬಂದರೆ ಅವನ ಕೈಗೆ ಗವಸುಂಟೋ ಇಲ್ಲವೋ ಎಂದು ಕೇಳುವದೂ ಆ ಊರಿನವರ ಧರ್ಮವೇ.

ಮಣಲೆರನು ತನ್ನ ನಾಯಿಗೆ ಕಲ್ಲು ನಿಲ್ಲಿಸಿದುದು ಪ್ರೀತಿಯ ಕೆಲಸ. ಅದು ಒಡೆಯನಿಂದ ಆಗುವದು. ಪಾವಿಟ್ಟಗೆಯವರು ಪರದೇಶದ ಹುಡುಗರಿಗಾಗಿ ತಮ್ಮ ಮದುವೆಯ ಖರ್ಚಿನಲ್ಲಿ ಐದು ನಾಣ್ಯ ತೆಗೆದಿಟ್ಟುದು ಹೊಣೆಯ ಕೆಲಸ. ಅದಕ್ಕೆ ಒಡೆತನವೂ ಬೇಡ, ಪರಿಚಯವೂ ಬೇಡ. ದಾರಿಯ ಬೆಕ್ಕಿಗೆ ಕಲ್ಲನ್ನು ನಿಲ್ಲಿಸುವವರಿಲ್ಲ, ನಿಲ್ಲಿಸಬೇಕಾದ ಕಾರಣವೂ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಸಲಿಕೆ, ಮೂರಡಿ ಮಣ್ಣು, ಕಾಲುಗಂಟೆಯ ಹೊತ್ತು. ಸಾಲೋಟಗಿಯ ಕಂಬದ ಲೆಕ್ಕದಲ್ಲಿ ನೋಡಿದರೆ ಇದು ಒಂದು ಚೌಲದ ಕಾಣಿಕೆಗಿಂತಲೂ ಕಡಿಮೆಯೇ.